ಬೀಳುವ ವಿದ್ಯೆ

‘ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಸೋತವನು ತನ್ನ ಸೋಲನ್ನು ಒಪ್ಪಿಕೊಳ್ಳದಿದ್ದಾಗ ಹಾಸ್ಯಕ್ಕಾಗಿ ಆಡುವ ಮಾತು ಇದು. ಆದರೆ ಕೆಳಗೆ ಬೀಳುವುದನ್ನೇ ವೃತ್ತಿಯಾಗಿ ಮಾಡಿಕೊಂಡು, ಬಿದ್ದ ಮರುಕ್ಷಣವೇ ಎದ್ದು ಮೈಕೊಡವಿಕೊಂಡು, ಮತ್ತೊಮ್ಮೆ ಬೀಳಲು ಸಿದ್ಧರಾಗುವ ಜನರೂ ಲೋಕದಲ್ಲಿದ್ದಾರೆ. ಚಲನಚಿತ್ರಗಳ ಸಾಹಸ ಕಲಾವಿದರು ಇಂಥವರು. ಕಥಾನಾಯಕನು ಮಹಡಿಯಿಂದ ಹಾರಿದಾಗ, ಉರಿಯುವ ಮನೆಯೊಳಗಿಂದ ಓಡಿಬಂದಾಗ, ಆತನ ಕಾರು ಪಲ್ಟಿ ಹೊಡೆದಾಗ, ನಾವು ತೆರೆಯ ಮೇಲೆ ಕಾಣುವುದು ಸಾಮಾನ್ಯವಾಗಿ ನಾಯಕನ ಉಡುಪನ್ನು ತೊಟ್ಟ ಇನ್ನೊಬ್ಬನನ್ನು. ಚಿತ್ರರಂಗದ ಆಡುಮಾತಿನಲ್ಲಿ ಅವನಿಗೆ ‘ಡ್ಯೂಪ್’ ಎಂದು ಹೆಸರು. ಅವನ ಕೆಲಸ ಸೊಗಸಾದಷ್ಟೂ ಅವನೊಬ್ಬನಿದ್ದನೆಂಬುದೇ ಪ್ರೇಕ್ಷಕರಿಗೆ ತಿಳಿಯುವುದಿಲ್ಲ.

2024ರಲ್ಲಿ ತೆರೆಕಂಡ ‘ದಿ ಫಾಲ್ ಗೈ’ ಎಂಬ ಅಮೆರಿಕದ ಚಿತ್ರವು ಇಂಥ ಅಜ್ಞಾತನೊಬ್ಬನನ್ನೇ ಕಥಾನಾಯಕನನ್ನಾಗಿ ಮಾಡಿತು. 1981ರಿಂದ 1986ರವರೆಗೆ ಆ ದೇಶದ ದೂರದರ್ಶನದಲ್ಲಿ ಪ್ರಸಾರವಾದ ಅದೇ ಹೆಸರಿನ ಧಾರಾವಾಹಿಯೇ ಇದಕ್ಕೆ ಮೂಲ. ಚಿತ್ರದ ನಿರ್ದೇಶಕರಾದ ಡೇವಿಡ್ ಲೀಚ್ ಅವರು ಹಿಂದೆ ತಾವೇ ಸಾಹಸ ಕಲಾವಿದರಾಗಿದ್ದು, ಪ್ರಖ್ಯಾತ ನಟ ಬ್ರಾಡ್ ಪಿಟ್ ಅವರಿಗೆ ಬದಲಾಗಿ ಏಟು ತಿಂದವರು. ‘ಫಾಲ್ ಗೈ’ ಎಂಬ ಮಾತಿಗೆ ಇಂಗ್ಲಿಷಿನಲ್ಲಿ ಎರಡು ಅರ್ಥಗಳಿವೆ. ಒಂದು, ಬೀಳುವವನು, ಇನ್ನೊಂದು, ಪರರ ತಪ್ಪಿಗೆ ತಲೆಕೊಡುವವನು. ಚಿತ್ರದ ನಾಯಕನಾದ ಕೋಲ್ಟ್ ಸೀವರ್ಸ್ ಎರಡು ಅರ್ಥಗಳಲ್ಲಿಯೂ ಫಾಲ್ ಗೈ. ಎತ್ತರದಿಂದ ಬೀಳುವ ದೃಶ್ಯವೊಂದರಲ್ಲಿ ಬೆನ್ನುಮೂಳೆ ಮುರಿದುಕೊಂಡು ಮೂಲೆ ಸೇರಿದ್ದ ಅವನು, ಹದಿನೆಂಟು ತಿಂಗಳ ಬಳಿಕ ತನ್ನ ಹಳೆಯ ಪ್ರೇಯಸಿಯು ನಿರ್ದೇಶಿಸುತ್ತಿರುವ ಚಿತ್ರದಲ್ಲಿ ಕೆಲಸ ಮಾಡಲು ಸಿಡ್ನಿ ನಗರಕ್ಕೆ ಬರುತ್ತಾನೆ. ಅಲ್ಲಿ ತಾನು ಮಾಡದ ಕೊಲೆಯ ಅಪವಾದವನ್ನು ಹೊರುತ್ತಾನೆ. ಹಾಸ್ಯ, ಹೊಡೆದಾಟ, ಪ್ರಣಯ ಮೂರನ್ನೂ ಬೆರೆಸಿದ ಕಥೆ. ಇದರಲ್ಲಿ ಇನ್ನೂ ಒಂದು ವಿನೋದವುಂಟು. ಬದಲಿಯವನ ಪಾತ್ರವನ್ನು ವಹಿಸಿದ ನಟ ರಯಾನ್ ಗಾಸ್ಲಿಂಗ್ ಅವರಿಗೇ ಹಲವರು ಬದಲಿ ಕಲಾವಿದರಿದ್ದರು! ಚಿತ್ರವು ಮುಗಿದು ಹೆಸರುಗಳು ಮೂಡುವಾಗ, ಆ ಕಲಾವಿದರು ನಿಜವಾಗಿ ಬಿದ್ದ, ಉರಿದ, ಉರುಳಿದ ದೃಶ್ಯಗಳನ್ನು ಪ್ರೇಕ್ಷಕರಿಗೆ ತೋರಿಸಲಾಯಿತು.

ಆ ದೃಶ್ಯಗಳನ್ನು ಕಂಡವರಿಗೆ ಸಹಜವಾಗಿಯೇ ಒಂದು ಪ್ರಶ್ನೆ ಹುಟ್ಟುತ್ತದೆ. ಇವರು ಬದುಕಿ ಉಳಿಯುವುದು ಹೇಗೆ? ಎದೆಗಾರಿಕೆಯಿಂದಲೇ? ಎದೆಗಾರಿಕೆ ಬೇಕು, ನಿಜ. ಆದರೆ ಗುರುತ್ವಾಕರ್ಷಣೆಯು ವೀರನೆಂದು ಯಾರಿಗೂ ರಿಯಾಯಿತಿ ತೋರಿಸುವುದಿಲ್ಲ. ಅವರನ್ನು ಉಳಿಸುವುದು ಪ್ರೌಢಶಾಲೆಯ ಭೌತವಿಜ್ಞಾನದ ಪುಸ್ತಕದಲ್ಲಿ ನಾವೆಲ್ಲರೂ ಓದುವ ಎರಡು ಮೂರು ಸಾಮಾನ್ಯ ನಿಯಮಗಳು. ಅವು ಯಾವುವೆಂಬುದನ್ನು ಈಗ ನೋಡೋಣ.

ಮೂರು ಸೆಕೆಂಡಿನ ಪಯಣ

ಈ ಚಿತ್ರಕ್ಕಾಗಿ ಟ್ರಾಯ್ ಬ್ರೌನ್ ಎಂಬ ಸಾಹಸ ಕಲಾವಿದರು ಹೆಲಿಕಾಪ್ಟರಿನಿಂದ ಸುಮಾರು 150 ಅಡಿ, ಎಂದರೆ ಸುಮಾರು 45 ಮೀಟರು ಕೆಳಕ್ಕೆ, ಗಾಳಿ ತುಂಬಿದ ಚೀಲದ ಮೇಲೆ ಬಿದ್ದರು. ಹದಿನಾಲ್ಕು ಹದಿನೈದು ಅಂತಸ್ತಿನ ಕಟ್ಟಡದಷ್ಟು ಎತ್ತರವಿದು. ಯಾವ ಹಗ್ಗದ ಆಸರೆಯೂ ಇಲ್ಲದೆ ಇಷ್ಟು ಎತ್ತರದಿಂದ ಬೀಳುವ ವಸ್ತುವಿಗೆ ಏನಾಗುತ್ತದೆ?

ಗುರುತ್ವಾಕರ್ಷಣೆಗೆ ಸಿಕ್ಕಿ ಬೀಳುವ ವಸ್ತುವಿನ ವೇಗವು ಪ್ರತಿಯೊಂದು ಸೆಕೆಂಡಿನಲ್ಲಿಯೂ ಸೆಕೆಂಡಿಗೆ 9.8 ಮೀಟರಿನಷ್ಟು ಹೆಚ್ಚುತ್ತದೆ. ವಸ್ತುವು ಹಗುರವೋ ಭಾರವೋ ಎಂಬ ಭೇದ ಇದಕ್ಕಿಲ್ಲವೆಂಬುದನ್ನು ಗೆಲಿಲಿಯೋ ನಾಲ್ಕು ಶತಮಾನಗಳ ಹಿಂದೆಯೇ ತೋರಿಸಿಕೊಟ್ಟನು. ಗಾಳಿಯ ಅಡ್ಡಿಯನ್ನು ಬಿಟ್ಟು ಲೆಕ್ಕ ಹಾಕಿದರೆ, 45 ಮೀಟರು ಬೀಳಲು ಹಿಡಿಯುವ ಕಾಲ ಮೂರು ಸೆಕೆಂಡುಗಳಿಗಿಂತ ತುಸು ಹೆಚ್ಚು. ಕೊನೆಯಲ್ಲಿ ವೇಗವು ಸೆಕೆಂಡಿಗೆ 30 ಮೀಟರಿನಷ್ಟಾಗಿರುತ್ತದೆ. ಎಂದರೆ ಗಂಟೆಗೆ ಸುಮಾರು 108 ಕಿಲೋಮೀಟರು. ಹೆದ್ದಾರಿಯಲ್ಲಿ ಓಡುವ ಕಾರಿನ ವೇಗವನ್ನು ಬರಿಯ ಮನುಷ್ಯದೇಹವು ಮೂರು ಸೆಕೆಂಡಿನಲ್ಲಿ ಪಡೆದುಬಿಡುತ್ತದೆ! ಬಿದ್ದವನ ತೂಕ 70 ಕಿಲೋಗ್ರಾಮು ಎಂದಿಟ್ಟುಕೊಂಡರೆ, ನೆಲದ ಬಳಿ ಅವನಲ್ಲಿರುವ ಚಲನಶಕ್ತಿ ಸುಮಾರು 31,000 ಜೌಲ್.

ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ಈ ವೇಗದಿಂದ ದೇಹಕ್ಕೆ ಯಾವ ತೊಂದರೆಯೂ ಇಲ್ಲ. ವಿಮಾನದಲ್ಲಿ ಕುಳಿತವನು ಇದರ ಏಳೆಂಟರಷ್ಟು ವೇಗದಲ್ಲಿ ಸಾಗುತ್ತಾ ಸುಖವಾಗಿ ನಿದ್ರೆಮಾಡುತ್ತಾನೆ. ಬೀಳುವುದರಿಂದ ಯಾರಿಗೂ ಪೆಟ್ಟಾಗುವುದಿಲ್ಲ, ಪೆಟ್ಟಾಗುವುದು ನಿಲ್ಲುವುದರಿಂದ. ಪಡೆದ 31,000 ಜೌಲ್ ಶಕ್ತಿಯನ್ನು ಹೇಗಾದರೂ ಖರ್ಚು ಮಾಡಲೇಬೇಕು. ಅದನ್ನು ಎಷ್ಟು ದೂರದಲ್ಲಿ, ಎಷ್ಟು ಕಾಲದಲ್ಲಿ ಖರ್ಚು ಮಾಡುತ್ತೇವೆ ಎಂಬುದರ ಮೇಲೆ ಬದುಕು ಸಾವುಗಳು ನಿಂತಿವೆ.

ನಿಲ್ಲುವ ದೂರ

ಬಲವನ್ನು ಅದು ಕೆಲಸ ಮಾಡಿದ ದೂರದಿಂದ ಗುಣಿಸಿದರೆ ಖರ್ಚಾದ ಶಕ್ತಿ ದೊರೆಯುತ್ತದೆ. ಶಕ್ತಿಯು ಇಷ್ಟೇ ಎಂದು ಗೊತ್ತಾದ ಮೇಲೆ, ದೂರ ಹೆಚ್ಚಿದಂತೆ ಬಲವು ಕಡಿಮೆಯಾಗಲೇಬೇಕು. ಬಿದ್ದವನು ಗಟ್ಟಿ ನೆಲವನ್ನು ತಾಕಿ 5 ಸೆಂಟಿಮೀಟರಿನೊಳಗೆ ನಿಂತನೆಂದು ಭಾವಿಸಿರಿ. ಬಿದ್ದ ದೂರವು ನಿಂತ ದೂರದ 900 ಪಾಲಿನಷ್ಟಿರುವುದರಿಂದ, ನೆಲವು ಅವನ ತೂಕದ ಸುಮಾರು 900 ಪಾಲಿನಷ್ಟು ಬಲದಿಂದ ಅವನನ್ನು ತಡೆಯಬೇಕಾಗುತ್ತದೆ. 70 ಕಿಲೋಗ್ರಾಮಿನ ದೇಹದ ಮೇಲೆ 63 ಟನ್ನಿನ ಒತ್ತಡ! ಇದನ್ನು ತಾಳಬಲ್ಲ ಮೂಳೆಯನ್ನು ಪ್ರಕೃತಿಯು ಮನುಷ್ಯನಿಗೆ ಕೊಟ್ಟಿಲ್ಲ. ಅದೇ ಮನುಷ್ಯನು 3 ಮೀಟರು ತಗ್ಗಬಲ್ಲ ಗಾಳಿಚೀಲದ ಮೇಲೆ ಬಿದ್ದರೆ, ಅವನನ್ನು ತಡೆಯುವ ಸರಾಸರಿ ಬಲವು ತೂಕದ 16 ಪಾಲು ಮಾತ್ರ. ನಿಲ್ಲಲು ಹಿಡಿಯುವ ಕಾಲವೂ ಒಂದು ಸೆಕೆಂಡಿನ ಮುನ್ನೂರನೆಯ ಒಂದು ಭಾಗದಿಂದ ಐದನೆಯ ಒಂದು ಭಾಗಕ್ಕೆ ಏರುತ್ತದೆ.

ಈ ತತ್ತ್ವವನ್ನು ನಾವು ದಿನವೂ ಬಳಸುತ್ತೇವೆ. ಕ್ರಿಕೆಟ್ ಆಟದಲ್ಲಿ ವೇಗವಾಗಿ ಬಂದ ಚೆಂಡನ್ನು ಹಿಡಿಯುವವನು ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಗರಡಿಮನೆಯ ಅಖಾಡದ ಕೆಮ್ಮಣ್ಣನ್ನು ಅಗೆದು ಸಡಿಲಗೊಳಿಸುವುದರ ಪ್ರಯೋಜನವೂ ಇದೇ. ಮಣ್ಣು ಕೆಲವು ಅಂಗುಲ ತಗ್ಗಿದರೆ ಜಟ್ಟಿಯ ಬೆನ್ನಿಗೆ ಬೀಳುವ ಪೆಟ್ಟು ಅಷ್ಟರಮಟ್ಟಿಗೆ ಇಳಿಯುತ್ತದೆ. ಜಪಾನಿನ ಜೂಡೋ ವಿದ್ಯೆಯಲ್ಲಿ ಶಿಷ್ಯನು ಎದುರಾಳಿಯನ್ನು ಕೆಡಹುವುದಕ್ಕಿಂತ ಮುಂಚೆ ತಾನು ಬೀಳುವುದನ್ನು ಕಲಿಯುತ್ತಾನೆ.

ತೂಕದ 16 ಪಾಲಿನಷ್ಟು ಬಲವನ್ನು ದೇಹವು ತಾಳಬಲ್ಲುದೇ ಎಂದು ಕೆಲವರು ಕೇಳಬಹುದು. ಇದಕ್ಕೆ ಅಮೆರಿಕದ ವಾಯುಪಡೆಯ ವೈದ್ಯರಾದ ಜಾನ್ ಪಾಲ್ ಸ್ಟಾಪ್ ತಮ್ಮ ದೇಹವನ್ನೇ ಪ್ರಯೋಗಕ್ಕೆ ಒಡ್ಡಿ ಉತ್ತರ ಕಂಡುಕೊಂಡರು. 1954ರ ಡಿಸೆಂಬರ್ 10ರಂದು ಅವರು ಹಳಿಯ ಮೇಲೆ ಓಡುವ ರಾಕೆಟ್ ಬಂಡಿಯಲ್ಲಿ ಪಟ್ಟಿಗಳಿಂದ ಬಿಗಿಸಿಕೊಂಡು ಕುಳಿತು, ಗಂಟೆಗೆ 632 ಮೈಲಿ ವೇಗವನ್ನು ಮುಟ್ಟಿ, ಸುಮಾರು 1.4 ಸೆಕೆಂಡಿನಲ್ಲಿ ನಿಂತರು. ಆಗ ಅವರ ಮೇಲೆ ಗುರುತ್ವದ 46.2 ಪಾಲಿನಷ್ಟು ಬಲವು ಬಿದ್ದಿತು. ಕಣ್ಣಿನೊಳಗೆ ರಕ್ತ ಒಸರಿ ಸ್ವಲ್ಪ ಹೊತ್ತು ದೃಷ್ಟಿಯೇ ಇಲ್ಲವಾಯಿತು. ಆದರೂ ಬದುಕಿದರು, ದೃಷ್ಟಿಯೂ ಮರಳಿತು. ದೇಹವನ್ನು ಸರಿಯಾದ ಭಂಗಿಯಲ್ಲಿ ಭದ್ರವಾಗಿ ಆಧರಿಸಿದ್ದರೆ ಅದು ಕ್ಷಣಕಾಲ ಬಹಳವನ್ನು ಸಹಿಸಬಲ್ಲುದೆಂದು ಇದರಿಂದ ತಿಳಿಯಿತು. ಇಂದು ವಿಮಾನಗಳಲ್ಲಿಯೂ ಕಾರುಗಳಲ್ಲಿಯೂ ಇರುವ ರಕ್ಷಣಾ ಪಟ್ಟಿಗಳು ಇಂಥ ಸಂಶೋಧನೆಗಳಿಗೆ ಋಣಿಯಾಗಿವೆ.

ಗಾಳಿಚೀಲದ ಗುಟ್ಟು

ಹಿಂದಿನ ಕಾಲದ ಸಾಹಸ ಕಲಾವಿದರು ಹಾಸಿಗೆಗಳ ಮೇಲೆಯೂ, ಖಾಲಿ ರಟ್ಟಿನ ಪೆಟ್ಟಿಗೆಗಳ ರಾಶಿಯ ಮೇಲೆಯೂ ಬೀಳುತ್ತಿದ್ದರು. ರಟ್ಟಿನ ಪೆಟ್ಟಿಗೆಯು ಬಡವನ ಉಪಾಯದಂತೆ ಕಂಡರೂ ಅದು ತುಂಬ ಒಳ್ಳೆಯ ಸಾಧನ. ಪ್ರತಿಯೊಂದು ಪೆಟ್ಟಿಗೆಯೂ ಜಜ್ಜಿಹೋಗುವಾಗ ಸ್ವಲ್ಪ ಸ್ವಲ್ಪ ಶಕ್ತಿಯನ್ನು ನುಂಗುತ್ತದೆ. ನುಂಗಿದ್ದನ್ನು ಹಿಂದಕ್ಕೆ ಕೊಡುವುದಿಲ್ಲ. ಈ ಕೊನೆಯ ಗುಣವು ಬಹು ಮುಖ್ಯವಾದುದು. ಉಕ್ಕಿನ ಸುರುಳಿಯ ಮೇಲೆಯೋ ಬಿಗಿಯಾಗಿ ಗಾಳಿ ತುಂಬಿದ ಚೆಂಡಿನ ಮೇಲೆಯೋ ಬಿದ್ದವನನ್ನು ಅದು ಮೆಲ್ಲಗೆ ತಡೆಯಬಹುದು. ಆದರೆ ತಾನು ಸಂಗ್ರಹಿಸಿದ ಶಕ್ತಿಯನ್ನು ಮರುಕ್ಷಣವೇ ಹಿಂದಿರುಗಿಸಿ ಅವನನ್ನು ಮೇಲಕ್ಕೂ ಪಕ್ಕಕ್ಕೂ ಎಸೆಯುತ್ತದೆ. ಮೊದಲ ಬೀಳಿನಲ್ಲಿ ಉಳಿದವನು ಎರಡನೆಯದರಲ್ಲಿ ಗಟ್ಟಿ ನೆಲಕ್ಕೆ ಅಪ್ಪಳಿಸಬಹುದು.

ಆದ್ದರಿಂದ ಸಾಹಸ ಕಲಾವಿದರ ಗಾಳಿಚೀಲವನ್ನು ಬಿಗಿಯಾಗಿ ಮುಚ್ಚಿರುವುದಿಲ್ಲ. ಬೀಸಣಿಗೆ ಯಂತ್ರಗಳು ಅದಕ್ಕೆ ಗಾಳಿಯನ್ನು ಊದುತ್ತಿರುತ್ತವೆ. ಬದಿಗಳಲ್ಲಿ ಗಾಳಿ ಹೊರಹೋಗಲು ಕಿಂಡಿಗಳಿರುತ್ತವೆ. ಮೇಲೆ ಬಿದ್ದವನ ಭಾರಕ್ಕೆ ಗಾಳಿಯು ಈ ಕಿಂಡಿಗಳಿಂದ ಭುಸುಗುಟ್ಟುತ್ತಾ ಹೊರಕ್ಕೆ ನುಗ್ಗುತ್ತದೆ. ಬಿದ್ದವನ ಚಲನಶಕ್ತಿಯು ಹೊರನುಗ್ಗುವ ಗಾಳಿಯ ಚಲನೆಯಾಗಿಯೂ ಕೊನೆಗೆ ಶಾಖವಾಗಿಯೂ ಚದುರಿಹೋಗುತ್ತದೆ. ಕಿಂಡಿಗಳು ಅತಿ ಚಿಕ್ಕವಾದರೆ ಚೀಲವು ಚೆಂಡಿನಂತೆ ಪುಟಿಸುತ್ತದೆ. ಅತಿ ದೊಡ್ಡವಾದರೆ ಅವನು ಚೀಲವನ್ನು ದಾಟಿ ನೆಲವನ್ನೇ ಮುಟ್ಟುತ್ತಾನೆ. ಬೀಳುವ ಎತ್ತರ, ಬೀಳುವವನ ತೂಕ ಇವುಗಳಿಗೆ ತಕ್ಕಂತೆ ಚೀಲವನ್ನು ಆರಿಸಿ ಹದಗೊಳಿಸಬೇಕು.

ಚೀಲವು ಸರಿಯಾಗಿದ್ದರೆ ಸಾಲದು. ಬೀಳುವವನ ಭಂಗಿಯೂ ಸರಿಯಾಗಿರಬೇಕು. ಕಾಲೂರಿ ಬಿದ್ದರೆ ಇಡೀ ಬಲವು ಪಾದಗಳ ಚಿಕ್ಕ ಜಾಗದ ಮೂಲಕ ಬೆನ್ನುಮೂಳೆಯನ್ನು ಏರುತ್ತದೆ. ತಲೆಯು ಮುಂದಾಗಿ ಬಿದ್ದರೆ ಕುತ್ತಿಗೆಯು ಮುರಿಯುತ್ತದೆ. ಬೆನ್ನು ಮಲಗಿಸಿ ಬಿದ್ದರೆ ಅದೇ ಬಲವು ಬಹು ದೊಡ್ಡ ಜಾಗದ ಮೇಲೆ ಹಂಚಿಹೋಗುತ್ತದೆ. ತಲೆ, ಸೊಂಟ, ಕಾಲುಗಳೆಲ್ಲವೂ ಒಟ್ಟಿಗೆ ನಿಲ್ಲುತ್ತವೆ. ಆದ್ದರಿಂದ ಹಾರುವಾಗ ನೆಟ್ಟಗೆ ನಿಂತಿದ್ದವನು ಮೂರು ಸೆಕೆಂಡಿನೊಳಗೆ ಮಗುಚಿ ಅಂಗಾತನಾಗಬೇಕು. ಆದರೆ ಗಾಳಿಯಲ್ಲಿ ಅವನಿಗೆ ಒತ್ತಿ ತಿರುಗಲು ಯಾವ ಆಧಾರವೂ ಇಲ್ಲ. ತಿರುಗುವ ಚಲನೆಯನ್ನು, ಎಂದರೆ ಕೋನೀಯ ಸಂವೇಗವನ್ನು, ಅವನು ಅಂಚನ್ನು ಬಿಡುವ ಕ್ಷಣದಲ್ಲಿಯೇ ಪಡೆದುಕೊಂಡಿರಬೇಕು. ಅನಂತರ ಮೈಯನ್ನು ಮುದುಡಿ ತಿರುಗುವಿಕೆಯನ್ನು ಚುರುಕುಗೊಳಿಸಬಹುದು, ಚಾಚಿ ನಿಧಾನಗೊಳಿಸಬಹುದು. ಇಷ್ಟೇ ಅವನ ಕೈಯಲ್ಲಿರುವುದು.

ಗುರಿಯ ವಿಷಯವೂ ಹೀಗೆಯೇ. ಅಂಚನ್ನು ಬಿಡುವಾಗ ಅವನಿಗೆ ಸೆಕೆಂಡಿಗೆ 2 ಮೀಟರಿನಷ್ಟು ಅಡ್ಡವೇಗವಿದ್ದರೆ, ಅದು ನಾವು ಬಿರುಸಾಗಿ ನಡೆಯುವ ವೇಗಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು. ಆದರೆ ಮೂರು ಸೆಕೆಂಡಿನಲ್ಲಿ ಅವನು 6 ಮೀಟರು ಪಕ್ಕಕ್ಕೆ ಸರಿದಿರುತ್ತಾನೆ. ಮೇಲಿನಿಂದ ನೋಡಿದಾಗ ಅಂಗೈಯಗಲ ಕಾಣುವ ಚೀಲವನ್ನು ತಪ್ಪಿಸಿಕೊಳ್ಳಲು ಅಷ್ಟು ಸಾಕು. ಹೆಲಿಕಾಪ್ಟರು ಗಾಳಿಯಲ್ಲಿ ಸ್ಥಿರವಾಗಿ ನಿಲ್ಲುವುದು ಎಷ್ಟು ಅವಶ್ಯಕವೆಂಬುದನ್ನು ಓದುಗರೇ ಊಹಿಸಬಹುದು.

ಎಂಟೂವರೆ ಪಲ್ಟಿ

‘ದಿ ಫಾಲ್ ಗೈ’ ಚಿತ್ರದಲ್ಲಿ ಕಡಲತೀರದ ಮರಳಿನ ಮೇಲೆ ಕಾರೊಂದು ಉರುಳುರುಳಿ ಹೋಗುವ ದೃಶ್ಯವಿದೆ. ಲೋಗನ್ ಹಾಲಡೇ ಎಂಬ ಸಾಹಸ ಚಾಲಕರು ಇದರಲ್ಲಿ ಕಾರನ್ನು ಎಂಟೂವರೆ ಬಾರಿ ಉರುಳಿಸಿ ವಿಶ್ವದಾಖಲೆಯನ್ನು ಸ್ಥಾಪಿಸಿದರು. ಇದಕ್ಕೆ ಹಿಂದಿನ ದಾಖಲೆಯು 2006ರ ಜೇಮ್ಸ್ ಬಾಂಡ್ ಚಿತ್ರ ‘ಕ್ಯಾಸಿನೊ ರಾಯಲ್’ಗಾಗಿ ಆಡಮ್ ಕರ್ಲಿ ಎಂಬವರು ಮಾಡಿದ ಏಳು ಪಲ್ಟಿ.

ಕಾರು ತಾನಾಗಿ ಅಷ್ಟು ಸುಲಭವಾಗಿ ಉರುಳುವುದಿಲ್ಲ. ಅದರ ಗುರುತ್ವಕೇಂದ್ರವು ತಗ್ಗಿನಲ್ಲಿಯೂ, ಚಕ್ರಗಳು ಅಗಲವಾಗಿಯೂ ಇರುವಂತೆ ಅದನ್ನು ರಚಿಸಿರುತ್ತಾರೆ. ಬಾಂಡ್ ಚಿತ್ರದ ಓಟದ ಕಾರಂತೂ ಎಷ್ಟು ತಗ್ಗಾಗಿತ್ತೆಂದರೆ, ಇಳಿಜಾರು ಹಲಗೆಯ ಮೇಲೆ ಹಾಯಿಸಿದರೂ ಅದು ಉರುಳಲೊಲ್ಲದೆ ಹೋಯಿತು. ಆಗ ಬಳಸುವ ಉಪಾಯವೇ ‘ಫಿರಂಗಿ’. ಕಾರಿನ ತಳದಲ್ಲಿ ನೆಲಕ್ಕೆ ಬಾಯಿ ಮಾಡಿದ ಉಕ್ಕಿನ ಕೊಳವೆಯೊಂದನ್ನು ಜೋಡಿಸುತ್ತಾರೆ. ಚಾಲಕನು ಗುಂಡಿಯನ್ನು ಒತ್ತಿದಾಗ, ಅಧಿಕ ಒತ್ತಡದಲ್ಲಿರುವ ಅನಿಲವು ಕೊಳವೆಯೊಳಗಿನ ದಿಂಡನ್ನು ನೆಲಕ್ಕೆ ಹೊಡೆಯುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ನೆಲವು ಅಷ್ಟೇ ಬಲದಿಂದ ಕಾರಿನ ಒಂದು ಬದಿಯನ್ನು ಮೇಲಕ್ಕೆ ಒದೆಯುತ್ತದೆ. ಕಾರು ಮಗುಚಿಕೊಂಡು ಉರುಳತೊಡಗುತ್ತದೆ.

ನೋಡುವವರ ಎದೆ ನಡುಗಿಸುವ ಈ ಉರುಳುವಿಕೆಯು ಚಾಲಕನಿಗೆ ಒಂದು ಬಗೆಯ ಉಪಕಾರವೆಂದರೆ ನಂಬುವಿರಾ? ಸೆಕೆಂಡಿಗೆ 30 ಮೀಟರು ವೇಗದಿಂದ, ಎಂದರೆ ಮೊದಲು ಹೇಳಿದ ಬೀಳುವವನ ವೇಗದಿಂದಲೇ, ಓಡುವ ಕಾರು ಗೋಡೆಗೆ ಬಡಿದು 1 ಮೀಟರಿನೊಳಗೆ ನಿಂತಿತೆಂದು ಭಾವಿಸಿರಿ. ಚಾಲಕನ ಮೇಲೆ ಅವನ ತೂಕದ ಸುಮಾರು 45 ಪಾಲಿನಷ್ಟು ಬಲವು ಬೀಳುತ್ತದೆ. ಅದೇ ಕಾರು 50 ಮೀಟರು ದೂರ ಉರುಳಿಕೊಂಡು ಹೋಗಿ ನಿಂತರೆ, ಅವನನ್ನು ಹಿಡಿದು ನಿಲ್ಲಿಸುವ ಸರಾಸರಿ ಬಲವು ಅವನ ತೂಕಕ್ಕಿಂತಲೂ ಸ್ವಲ್ಪ ಕಡಿಮೆ! ಪ್ರತಿಯೊಂದು ಪಲ್ಟಿಯಲ್ಲಿಯೂ ಬಾಗಿಲು, ಗಾಜು, ಚಕ್ರಗಳು ಜಜ್ಜಿಹೋಗುತ್ತಾ ಚಲನಶಕ್ತಿಯನ್ನು ಕಂತು ಕಂತಾಗಿ ತೀರಿಸುತ್ತವೆ. ರಟ್ಟಿನ ಪೆಟ್ಟಿಗೆಗಳ ರಾಶಿಯು ಮಾಡಿದ ಕೆಲಸವನ್ನೇ ಇಲ್ಲಿ ಕಾರಿನ ಹೊರಮೈ ಮಾಡುತ್ತದೆ.

ಹಾಗೆಂದು ಇದು ಹೂವಿನ ಹಾಸಿಗೆಯಲ್ಲ. ಸರಾಸರಿ ಬಲವು ಕಡಿಮೆಯಾದರೂ, ಚಾವಣಿಯು ನೆಲವನ್ನು ಬಡಿಯುವ ಕ್ಷಣಗಳಲ್ಲಿ ಪೆಟ್ಟು ತೀಕ್ಷ್ಣವಾಗಿರುತ್ತದೆ. ಕಾರು ಸೆಕೆಂಡಿಗೆ ಒಂದು ಸುತ್ತು ಉರುಳಿದರೂ, ಸುತ್ತುವ ಅಕ್ಷದಿಂದ ಅರ್ಧ ಮೀಟರು ದೂರದಲ್ಲಿರುವ ತಲೆಯು ತನ್ನ ತೂಕದ ಎರಡರಷ್ಟು ಬಲದಿಂದ ಹೊರಕ್ಕೆ ಎಳೆದಂತಾಗುತ್ತದೆ. ಅದಕ್ಕಾಗಿ ಕಾರಿನೊಳಗೆ ಉಕ್ಕಿನ ಕೊಳವೆಗಳಿಂದ ಪಂಜರವೊಂದನ್ನು ಕಟ್ಟಿ, ಚಾಲಕನನ್ನು ಹಲವು ಪಟ್ಟಿಗಳಿಂದ ಆಸನಕ್ಕೆ ಬಿಗಿಯುತ್ತಾರೆ. ಹೊರಗಿನದು ಎಷ್ಟಾದರೂ ನುಗ್ಗಾಗಲಿ, ಅವನು ಕುಳಿತ ಜಾಗವು ಮಾತ್ರ ಕುಗ್ಗಬಾರದು. ಮರಳಿನ ಹದವನ್ನೂ ನೋಡಬೇಕು. ಮರಳು ಸಡಿಲವಾಗಿದ್ದರೆ ಕಾರು ಅದರಲ್ಲಿ ಹೂತು, ಒಂದೆರಡು ಪಲ್ಟಿಗಳಲ್ಲಿಯೇ ಗಕ್ಕನೆ ನಿಂತುಬಿಡುತ್ತದೆ. ಆಗ ದೃಶ್ಯವೂ ಕೆಟ್ಟಿತು, ಚಾಲಕನಿಗೆ ಪೆಟ್ಟೂ ಹೆಚ್ಚಿತು. ನೋಟದ ರಮ್ಯತೆಯೂ ಮಾಡುವವನ ಕ್ಷೇಮವೂ ಒಂದೇ ನಿಯಮಕ್ಕೆ ಕಟ್ಟುಬಿದ್ದಿರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು.

ಉರಿಯನ್ನು ತೊಡುವುದು

ಚಿತ್ರದಲ್ಲಿ ನಾಯಕನ ಮೈಗೆ ಬೆಂಕಿ ಹಚ್ಚಿ, ಹಗ್ಗದಿಂದ ಎಳೆದು ಬಂಡೆಗೆ ಅಪ್ಪಳಿಸುವ ದೃಶ್ಯವನ್ನು ನಿರ್ದೇಶಕಿಯು ಮತ್ತೆ ಮತ್ತೆ ಮಾಡಿಸುತ್ತಾಳೆ. ತನ್ನನ್ನು ತೊರೆದುಹೋದವನ ಮೇಲಿನ ಮುನಿಸನ್ನು ಆಕೆ ಹೀಗೆ ತೀರಿಸಿಕೊಳ್ಳುತ್ತಾಳೆ! ಪ್ರೇಕ್ಷಕರು ನಗುತ್ತಾರೆ, ಆದರೆ ಉರಿಯುವ ಬೆಂಕಿ ನಿಜವಾದುದೇ.

ಕಾಗದದ ದೊನ್ನೆಯಲ್ಲಿ ನೀರು ತುಂಬಿ ದೀಪದ ಮೇಲೆ ಹಿಡಿದರೆ ನೀರು ಕಾಯುತ್ತದೆಯೇ ಹೊರತು ದೊನ್ನೆ ಸುಡುವುದಿಲ್ಲ. ಈ ಪ್ರಯೋಗವನ್ನು ವಿಜ್ಞಾನದ ತರಗತಿಯಲ್ಲಿ ಎಷ್ಟೋ ಮಂದಿ ಕಂಡಿರಬಹುದು. ಬೆಂಕಿಯ ಶಾಖವನ್ನೆಲ್ಲ ನೀರು ಹೀರಿಕೊಳ್ಳುವುದರಿಂದ ಕಾಗದವು ಹೊತ್ತಿಕೊಳ್ಳುವ ಉಷ್ಣತೆಗೆ ಏರುವುದೇ ಇಲ್ಲ. ಸಾಹಸ ಕಲಾವಿದರು ಮಾಡುವುದೂ ಇದನ್ನೇ. ನೀರಿನ ಅಂಶವು ಬಹಳವಾಗಿರುವ, ತಣ್ಣಗಾಗಿಸಿದ ಅಂಟುಲೇಪವನ್ನು ಮೈಗೆ ಬಳಿದುಕೊಂಡು, ಅದರಲ್ಲಿಯೇ ನೆನೆಸಿದ ಒಳ ಉಡುಪನ್ನು ತೊಡುತ್ತಾರೆ. ಅದರ ಮೇಲೆ ಬೇಗ ಹೊತ್ತಿಕೊಳ್ಳದ ಬಟ್ಟೆಯ ಪದರಗಳು; ಎಲ್ಲಕ್ಕೂ ಹೊರಗೆ ಪಾತ್ರದ ಉಡುಪು. ಉರಿಯುವ ದ್ರವವನ್ನು ಸವರುವುದು ಈ ಹೊರ ಉಡುಪಿನ ಮೇಲೆ ಮಾತ್ರ. ಒಂದು ಗ್ರಾಮು ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಒಂದು ಕ್ಯಾಲೊರಿ ಶಾಖ ಸಾಕು. ಆದರೆ ಕುದಿಯುವ ಒಂದು ಗ್ರಾಮು ನೀರನ್ನು ಆವಿಯಾಗಿಸಲು ಸುಮಾರು 540 ಕ್ಯಾಲೊರಿ ಬೇಕು. ಇದೇ ಆವಿಯ ಗುಪ್ತೋಷ್ಣ. ಹೊರಗಿನ ಶಾಖವು ಈ ನೀರನ್ನು ಕಾಯಿಸಿ ಆವಿಯಾಗಿಸುವುದರಲ್ಲಿ ಸವೆಯುತ್ತಿರುವಷ್ಟು ಹೊತ್ತು ಒಳಗಿನ ಚರ್ಮವು ಕ್ಷೇಮವಾಗಿರುತ್ತದೆ.

ಆದರೆ ಇದು ಕೆಲವೇ ಸೆಕೆಂಡುಗಳ ಅಭಯ. ಲೇಪವು ಬಿಸಿಯಾದ ಮೇಲೆ ಅದೇ ಚರ್ಮವನ್ನು ಬೇಯಿಸಬಲ್ಲುದು. ಬಿಸಿ ಅನಿಲವು ಶ್ವಾಸಕೋಶಕ್ಕೆ ಹೋದರೆ ಮೈಮೇಲಿನ ಸುಟ್ಟಗಾಯಕ್ಕಿಂತ ಅಪಾಯ ಹೆಚ್ಚು. ಆದ್ದರಿಂದ ಕಲಾವಿದನು ಉಸಿರನ್ನು ಬಿಗಿಹಿಡಿದಿರುತ್ತಾನೆ. ಕಾದ ಗಾಳಿಯು ಹಗುರವಾಗಿ ಮೇಲೇರುವುದರಿಂದ, ಒಂದೇ ಕಡೆ ನಿಂತವನ ಮುಖಕ್ಕೆ ಜ್ವಾಲೆಯು ಅಡರುತ್ತದೆ. ಮುಂದೆ ಮುಂದೆ ನಡೆಯುತ್ತಿದ್ದರೆ ಅದು ಬಾಲದಂತೆ ಹಿಂದಕ್ಕೆ ಬೀಳುತ್ತದೆ. ಉರಿಯುತ್ತಾ ಓಡುವ ಮನುಷ್ಯನನ್ನು ತೆರೆಯ ಮೇಲೆ ಕಂಡಾಗ, ಅವನು ಅಂಜಿ ಓಡುತ್ತಿರುವನೆಂದು ನಾವು ತಿಳಿಯುತ್ತೇವೆ. ವಾಸ್ತವವಾಗಿ ಅವನು ಲೆಕ್ಕ ಹಾಕಿ ಓಡುತ್ತಿರುತ್ತಾನೆ. ಬೆಂಕಿ ಆರಿಸುವ ಉಪಕರಣಗಳನ್ನು ಹಿಡಿದವರು ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಕೆಲವೇ ಹೆಜ್ಜೆಗಳ ದೂರದಲ್ಲಿ ನಿಂತಿರುತ್ತಾರೆ.

ಅಳತೆ ತಪ್ಪಿದಾಗ

ಸಾಹಸವನ್ನೂ ಹಾಸ್ಯವನ್ನೂ ಬೆರೆಸಿದವರಲ್ಲಿ ಮೂಕಚಿತ್ರಗಳ ಕಾಲದ ಬಸ್ಟರ್ ಕೀಟನ್ ಅಗ್ರಗಣ್ಯನು. 1928ರ ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ ಎಂಬ ಚಿತ್ರದಲ್ಲಿ ಬಿರುಗಾಳಿಗೆ ಸಿಕ್ಕಿ ಮನೆಯೊಂದರ ಮುಂಗೋಡೆಯು ಇಡಿಯಾಗಿ ಅವನ ಮೇಲೆ ಉರುಳುತ್ತದೆ. ಗೋಡೆಯ ಮೇಲುಭಾಗದ ತೆರೆದ ಕಿಟಕಿಯು ಸರಿಯಾಗಿ ಅವನು ನಿಂತ ಜಾಗಕ್ಕೆ ಬರುವುದರಿಂದ ಅವನು ಉಳಿದುಕೊಳ್ಳುತ್ತಾನೆ. ಬುಡದಲ್ಲಿ ಕೀಲಿಸಿದ ಗೋಡೆಯು ಬೀಳುವಾಗ ಅದರ ಪ್ರತಿಯೊಂದು ಬಿಂದುವೂ ವೃತ್ತದ ಕಮಾನಿನಲ್ಲಿ ಚಲಿಸುತ್ತದೆ. ಬುಡದಿಂದ ಕಿಟಕಿಯು ಎಷ್ಟು ಎತ್ತರದಲ್ಲಿದೆಯೋ ಅಷ್ಟೇ ದೂರದಲ್ಲಿ ಮನುಷ್ಯನು ನಿಂತಿರಬೇಕು. ರೇಖಾಗಣಿತದ ಸರಳ ಪಾಠವಿದು. ಆದರೆ ಕಿಟಕಿಗೂ ಅವನ ಭುಜಕ್ಕೂ ನಡುವೆ ಇದ್ದ ಅಂತರ ಕೆಲವೇ ಅಂಗುಲಗಳು. ಒಂದು ಹೆಜ್ಜೆ ಅತ್ತಿತ್ತಲಾಗಿದ್ದರೆ ಹಾಸ್ಯವು ದುರಂತವಾಗುತ್ತಿತ್ತು.

ದುರಂತಗಳು ನಡೆಯದೆ ಇಲ್ಲ. 2016ರ ನವೆಂಬರ್ 7ರಂದು ಬೆಂಗಳೂರಿನ ಬಳಿಯ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಕನ್ನಡ ಚಿತ್ರವೊಂದರ ಚಿತ್ರೀಕರಣ ನಡೆಯುತ್ತಿದ್ದಾಗ, ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಇಬ್ಬರು ನಟರು ದಡ ಸೇರಲಾಗದೆ ಮುಳುಗಿ ತೀರಿಕೊಂಡರು. ನೀರು ಮೆತ್ತಗಿನದೆಂದು ನಾವು ಭಾವಿಸುತ್ತೇವೆ. ಆದರೆ ಅದು ಗಾಳಿಗಿಂತ ಸುಮಾರು 800 ಪಾಲು ಸಾಂದ್ರವಾದುದು. ವೇಗವಾಗಿ ಬಂದು ಬಿದ್ದವನಿಗೆ ಅದು ಸುಲಭವಾಗಿ ದಾರಿ ಬಿಡುವುದಿಲ್ಲ. ಕಾಲು ಮುಂದಾಗಿ ನೆಟ್ಟಗೆ ಇಳಿದವನನ್ನು ಅದು ಕೆಲವು ಮೀಟರುಗಳ ದೂರದಲ್ಲಿ ಮೆಲ್ಲಗೆ ತಡೆಯುತ್ತದೆ. ಆದರೆ ಗಾಳಿಚೀಲಕ್ಕೂ ನೀರಿಗೂ ಒಂದು ದೊಡ್ಡ ಭೇದವುಂಟು. ಚೀಲದ ಮೇಲೆ ನಿಂತಾಗ ಅಪಾಯವು ಮುಗಿಯುತ್ತದೆ. ನೀರಿನಲ್ಲಿ ನಿಂತಾಗ ಇನ್ನೊಂದು ಅಪಾಯವು ಆರಂಭವಾಗುತ್ತದೆ. ಆ ಇಬ್ಬರ ಮೈಮೇಲೆ ಪ್ರಾಣರಕ್ಷಕ ಕವಚಗಳಿರಲಿಲ್ಲ; ಅವರನ್ನು ಎತ್ತಿಕೊಳ್ಳಬೇಕಾದ ದೋಣಿಯೂ ಸಕಾಲಕ್ಕೆ ಮುಟ್ಟಲಿಲ್ಲ. ಅವರಿಗೆ ಧೈರ್ಯದ ಕೊರತೆಯಿತ್ತೆಂದು ಯಾರೂ ಹೇಳಲಾರರು. ಕೊರತೆಯಿದ್ದುದು ಅವರ ಸುತ್ತಲಿನ ಸಿದ್ಧತೆಯಲ್ಲಿ. ಬೀಳುವ ಲೆಕ್ಕವು ಬಿದ್ದಲ್ಲಿಗೆ ಮುಗಿಯದು. ಬಿದ್ದವನು ಮನೆ ಸೇರುವವರೆಗೂ ಅದನ್ನು ಹಾಕಬೇಕು.

ಹೆಸರಿಲ್ಲದವರ ಹೆಸರು

ಕನ್ನಡ ಚಿತ್ರಗಳ ಹೆಸರಿನ ಪಟ್ಟಿಯಲ್ಲಿ ‘ಸಾಹಸ’ ಎಂಬ ಮಾತಿನ ಮುಂದೆ ಒಬ್ಬ ನಿರ್ದೇಶಕನ ಹೆಸರು ಬರುವುದನ್ನು ನಾವು ಕಂಡಿದ್ದೇವೆ. ಬಿದ್ದವರ ಹೆಸರುಗಳು ಮಾತ್ರ ನಮಗೆ ತಿಳಿದಿರುವುದು ಅಪರೂಪ. ಅಮೆರಿಕದಲ್ಲಿಯೂ ಇವರಿಗೆ ಮನ್ನಣೆ ದೊರೆತುದು ತಡವಾಗಿಯೇ. ಓಡುವ ಕುದುರೆಗಳ ನಡುವೆ ಬಿದ್ದು ಬಂಡಿಯ ಅಡಿಯಲ್ಲಿ ಹಾದು ಬರುವ ಸಾಹಸಕ್ಕೆ ಖ್ಯಾತರಾದ ಯಾಕಿಮಾ ಕನಟ್ ಅವರಿಗೆ 1967ರಲ್ಲಿ ಆಸ್ಕರ್ ಗೌರವ ಪ್ರಶಸ್ತಿ ಸಂದಿತು. ‘ದಿ ಫಾಲ್ ಗೈ’ ಚಿತ್ರದಲ್ಲಿ ಕ್ರಿಸ್ ಓಹಾರಾ ಅವರ ಹೆಸರಿನೊಡನೆ ‘ಸಾಹಸ ವಿನ್ಯಾಸಕ’ ಎಂಬ ಪದವಿಯು ಮೊತ್ತಮೊದಲ ಬಾರಿಗೆ ಅಧಿಕೃತವಾಗಿ ಕಾಣಿಸಿಕೊಂಡಿತು. 2027ರಲ್ಲಿ ತೆರೆಕಾಣುವ ಚಿತ್ರಗಳಿಂದ ಆರಂಭಿಸಿ ಸಾಹಸ ವಿನ್ಯಾಸಕ್ಕೆ ಪ್ರತ್ಯೇಕ ಆಸ್ಕರ್ ಪ್ರಶಸ್ತಿಯನ್ನು ಕೊಡುವುದಾಗಿ ಅಲ್ಲಿಯ ಅಕಾಡೆಮಿಯು 2025ರಲ್ಲಿ ಪ್ರಕಟಿಸಿತು. ವಿನ್ಯಾಸವೆಂಬ ಮಾತನ್ನು ಗಮನಿಸಬೇಕು. ಸೇತುವೆಯನ್ನು ಕಟ್ಟುವ ಎಂಜಿನಿಯರನಂತೆಯೇ ಇವನೂ ಭಾರ, ಬಲ, ದೂರ, ಕಾಲಗಳನ್ನು ಅಳೆದು ತೂಗುವವನು.

ಈ ಲೇಖನವನ್ನು ಓದಿದ ತರುಣರು ಯಾರೂ ಮಾಳಿಗೆಯಿಂದ ಹಾಸಿಗೆಯ ಮೇಲೆ ಹಾರಿ ಇದನ್ನು ಪರೀಕ್ಷಿಸಬಾರದೆಂದು ಬೇರೆ ಹೇಳಬೇಕಾಗಿಲ್ಲ. ಕಾಗದದ ಮೇಲೆ ಹಾಕಿದ ಲೆಕ್ಕಕ್ಕೂ, ವರ್ಷಗಟ್ಟಲೆ ಚಿಕ್ಕ ಎತ್ತರಗಳಿಂದ ಬಿದ್ದು ಪಳಗಿದ ಮೈಗೂ ಬಹಳ ಅಂತರವಿದೆ. ಆದರೆ ನಿಲ್ಲುವ ದೂರದ ನಿಯಮವು ಸಾಹಸ ಕಲಾವಿದರಿಗೆ ಮಾತ್ರ ಮೀಸಲಾದುದಲ್ಲ. ದ್ವಿಚಕ್ರ ವಾಹನದ ಸವಾರನು ತೊಡುವ ಹೆಲ್ಮೆಟ್ಟಿನೊಳಗೆ ಎರಡು ಮೂರು ಸೆಂಟಿಮೀಟರು ದಪ್ಪದ ಹಗುರವಾದ ಪದರವೊಂದಿರುತ್ತದೆ. ತಲೆಯು ರಸ್ತೆಗೆ ಬಡಿದಾಗ ಆ ಪದರವು ತಾನು ಜಜ್ಜಿಹೋಗಿ, ತಲೆಬುರುಡೆಗೆ ನಿಲ್ಲಲು ಅಷ್ಟು ದೂರವನ್ನು ಒದಗಿಸುತ್ತದೆ. ಬೀಳುವ ವಿದ್ಯೆಯನ್ನು ಕಲಿಯದ ನಮ್ಮಂಥವರಿಗೆ ಆ ಎರಡು ಮೂರು ಸೆಂಟಿಮೀಟರುಗಳೇ ಗಾಳಿಚೀಲ.